ಸಂತಾಪ ಪತ್ರದ ಸಹಿ

ಅಮೆರಿಕದ ಮಾಜಿ ಅಧ್ಯಕ್ಷರು ತಮ್ಮ ಆತ್ಮಕಥೆಯ ಪ್ರತಿಯ ಮೇಲೆ ಸಹಿ ಹಾಕಿದ್ದನ್ನು ನೋಡಿ, ಸಾಲಿನಲ್ಲಿ ಮುಂದೆ ಬಂದಿದ್ದ ಲೋರ್ನಾ ಬೆಚ್ಚಿಬಿದ್ದಳು. ಮಗ ಯುದ್ಧದಲ್ಲಿ ಸತ್ತಾಗ ಅವರಿಂದ ಬಂದ ಸಂತಾಪ ಪತ್ರ ಹನ್ನೊಂದು ವರ್ಷದಿಂದ ಅವಳ ಮನೆಯ ಗೋಡೆಯ ಮೇಲಿತ್ತು. ಕೃತಜ್ಞತೆ ಹೇಳಲೆಂದೇ ಅದನ್ನು ತನ್ನೂರಾದ ಟೊಲೆಡೊದ ಈ ಪುಸ್ತಕದಂಗಡಿಗೆ ತಂದಿದ್ದಳು. ಆ ಪತ್ರದಲ್ಲಿದ್ದ ಸಹಿಯೇ ಬೇರೆ.

"ಇದು ನೀವೇ ಬರೆದದ್ದಲ್ವಾ, ಸರ್?" ಎನ್ನುತ್ತ ಪತ್ರವನ್ನು ಮೇಜಿನ ಮೇಲಿಟ್ಟಳು.

ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. ಆ ಯುದ್ಧ ಸರಿಯಾಗಿಯೇ ಇತ್ತು ಎಂದು ಪುಸ್ತಕದ ಪ್ರಚಾರಕ್ಕೆ ತಿಂಗಳಿಡೀ ಊರೂರು ಸುತ್ತಿ ಹೇಳಿದ ದನಿ ಈಗ ಸಣ್ಣದಾಯಿತು. "ಅಲ್ಲಮ್ಮ. ಆ ವರ್ಷ ಪತ್ರಗಳು ಬಹಳ ಇದ್ವು. ಮಷೀನ್ ಸಹಿ ಹಾಕ್ತಿತ್ತು. ಕೊಡಿ, ಈಗ ನಾನೇ ಹಾಕ್ತೀನಿ."

"ಬೇಗ ಮುಗಿಸಮ್ಮಾ, ನಮಗೂ ಮನೆ ಮಠ ಇದೆ!" ಹಿಂದಿನಿಂದ ಯಾರೋ ಕೂಗಿದರು.

ಪೆನ್ನು ಪತ್ರಕ್ಕೆ ತಾಗುವಷ್ಟರಲ್ಲಿ ಲೋರ್ನಾ ಅಂಗೈಯಿಂದ ಮಗನ ಹೆಸರನ್ನು ಮುಚ್ಚಿದಳು. "ಹಾಕಿ. ಮೊದಲು ಅವನ ಹೆಸರು ಹೇಳಿ. ಈಗಷ್ಟೇ ಓದಿದ್ರಲ್ಲ."

ಅವರು ಬಾಯಿ ತೆರೆದರು. ಪಕ್ಕದಲ್ಲಿದ್ದ ಕಾರ್ಯದರ್ಶಿಯ ಮುಖ ನೋಡಿದರು. ಹೆಸರು ಬರಲಿಲ್ಲ. ಲೋರ್ನಾ ಪತ್ರವನ್ನು ಎದೆಗೊತ್ತಿಕೊಂಡು, ಪುಸ್ತಕವನ್ನು ಅಲ್ಲೇ ಬಿಟ್ಟು ಹೊರಟಳು.