ಕಾರ್ಡಿನ ಮೊದಲ ಫೋಟೊ

ಸಮುದ್ರದಾಳದ ಫೋಟೊ ತೆಗೆದು ಬಂದಿದ್ದ ಗಿರಾಕಿ ಶ್ರೀಕಾಂತ್ ಕ್ಯಾಮೆರಾದ ಬಟನ್ ಒತ್ತಿ ಒಂದೊಂದೇ ಫೋಟೊ ಹಿಂದಕ್ಕೆ ಸರಿಸಿದಂತೆಲ್ಲ ಮಹಾನಂದಾ ಕೈಯಲ್ಲಿದ್ದ ಕೆಲಸ ಬಿಟ್ಟು ಹತ್ತಿರ ಹತ್ತಿರ ಬರುತ್ತಿದ್ದಳು. ಆ ಕ್ಯಾಮೆರಾಗೆ ನೀರು ನುಗ್ಗದ ಪೆಟ್ಟಿಗೆ ತಯಾರಾದದ್ದು ಪೀಣ್ಯದ ಈ ಶೆಡ್ಡಿನಲ್ಲೇ. ಡ್ರಮ್ಮಿನ ನೀರಲ್ಲಿ ಮುಳುಗಿಸಿ, ಫೋಕಸ್‌ಗೆಂದು ಜೇಬಿನಲ್ಲಿದ್ದದ್ದನ್ನೇ ಎದುರು ಹಿಡಿದು, ಪರೀಕ್ಷೆಯ ಫೋಟೊ ತೆಗೆದವಳು ಅವಳು. ಅದನ್ನು ಮೆಮೊರಿ ಕಾರ್ಡಿನಿಂದ ಅಳಿಸಲು ಮರೆತಿದ್ದಳು.

“ನೋಡಿ, ತಾಯಿ ತಿಮಿಂಗಿಲ,” ಶ್ರೀಕಾಂತ್ ಮಾಲೀಕ ನಾಣಿಗೆ ತೋರಿಸುತ್ತಿದ್ದ. “ನನ್ನ ಕಂಡಿದ್ದೇ ತಡ, ಮರೀನ ತನ್ನ ಮೈ ಹಿಂದೆ ಬಚ್ಚಿಟ್ಕೊಂಡ್ಬಿಡ್ತು. ಆಮೇಲೆ ಏನನ್ನಿಸ್ತೋ, ತಾನೇ ಪಕ್ಕಕ್ಕೆ ಸರಿದು ಮರೀನ ತೋರಿಸ್ತು ಸಾರ್.”

“ಚಾ ತರ್ಲೇನ್ರಿ?” ಮಹಾನಂದಾ ನಡುವೆ ಬಾಯಿ ಹಾಕಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಮತ್ತೊಂದು ಒತ್ತು. ಸಮುದ್ರ ಮುಗಿದು ಡ್ರಮ್ಮಿನ ನೀರು ಬಂತು. ಅದರೊಳಗೆ, ಅವಳ ಬೆರಳುಗಳ ನಡುವೆ, ಪ್ಲಾಸ್ಟಿಕ್ ಹೊದಿಸಿದ ಪುಟ್ಟ ಭಾವಚಿತ್ರ: ಎರಡು ಜಡೆಯ, ಮುಂದಿನ ಹಲ್ಲು ಬಿದ್ದ ಹುಡುಗಿ.

“ಯಾರಮ್ಮ ಇದು?” ನಾಣಿ ತಿರುಗಿದರು. ಮಕ್ಕಳಿರುವ ಹೆಂಗಸರು ರಜೆ ಕೇಳುತ್ತಾರೆಂದು ಅವರು ಅಂಥವರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಮಕ್ಕಳಿಲ್ಲವೆಂದು ಹೇಳಿಯೇ ಮಹಾನಂದಾ ಸೇರಿದ್ದಳು. ಅಕ್ಕನ ಮಗಳು ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿದಳು.

“ನನ್ನ ಮಗಳ್ರೀ,” ಎಂದಳು. “ಶಿವಲೀಲಾ.”