ಎಳೆಬಿಸಿಲಿನ ದಂಡ

ಸುತ್ತ ಗೋಪುರಗಳೆದ್ದ ಮೇಲೆ ನಮ್ಮ ಅಪಾರ್ಟ್‌ಮೆಂಟಿಗೆ ಬಿಸಿಲು ಇಳಿಯುವುದು ತಾರಸಿಯ ಕನ್ನಡಿಯಿಂದ ಮಾತ್ರ. ಪ್ರತಿ ಮನೆಗೂ ಬೆಳಿಗ್ಗೆ ಅರ್ಧ ಗಂಟೆಯ ಪಾಲು. ಪಾಲು ಮೀರಿ ಬಳಸಿದರೆ ಒಂದು ವಾರದ ಬಿಸಿಲು ದಂಡ. ಅದು ದೂರು ಕೊಟ್ಟವರ ಮನೆಗೆ ಹೋಗುತ್ತದೆ.

ಸೆಕ್ರೆಟರಿಯಾದ ನಾನು ಬಾಗಿಲು ತಟ್ಟಿದಾಗ ಪುಟ್ಟತಾಯಮ್ಮ ಮೊಮ್ಮಗಳಿಗೆ ಎಣ್ಣೆನೀರು ಹಾಕಿ ಮುಗಿಸಿದ್ದರು. ಇನ್ನೂ ತಿಂಗಳು ತುಂಬದ ಕೂಸು.

“ಅಮ್ಮ, ನಿನ್ನೆ ನಿಮ್ಮ ಪಾಲು ಮುಗಿದ್ಮೇಲೂ ಮಗೂನ ಕಾರಿಡಾರ್ ಬಿಸಿಲಲ್ಲಿ ಹಿಡ್ಕೊಂಡಿದ್ರಂತೆ. ಎದುರುಮನೆ ಷಡಕ್ಷರಿಯವರು ದೂರು ಕೊಟ್ಟಿದ್ದಾರೆ.”

“ಹಿಡ್ಕೊಂಡಿದ್ದೆ ಕಣಪ್ಪ. ಮೈಯೆಲ್ಲ ಹಳದಿ ಆಗಿತ್ತು. ನಮ್ಮ ಪಾಲಿನ ಎಳೆಬಿಸಿಲು ಸಾಲ್ಲಿಲ್ಲ.”

“ಬೈಲಾ ಇದೆ ಅಮ್ಮ, ನಾನೇನ್ ಮಾಡ್ಲಿ?”

“ನಿನ್ನ ಕೆಲಸ ನೀನು ಮಾಡು.”

ತಾರಸಿಯ ಬಿಸಿಲನ್ನು ಒಳಗೆ ತರುವ ಅವರ ಕಿಟಕಿಯ ಪುಟ್ಟ ಕನ್ನಡಿಯನ್ನು ಎದುರುಮನೆಯತ್ತ ತಿರುಗಿಸಿ ಬೀಗ ಹಾಕಿದೆ. ಕೋಣೆ ಮಬ್ಬಾಯಿತು. ಎದುರುಮನೆಯ ಬಾಗಿಲ ಕೆಳಗಿನಿಂದ ಬೆಳಕಿನ ಗೆರೆಯೊಂದು ಕಾರಿಡಾರಿಗೆ ಚಾಚಿತು. ಕೂಸು ಅಳತೊಡಗಿತು.

ಪುಟ್ಟತಾಯಮ್ಮ ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಎತ್ತಿಕೊಂಡರು. ಇನ್ನೊಂದು ಕೈಯಲ್ಲಿ ಮಣೆ ಹಿಡಿದು ನೇರ ಹೋಗಿ ಎದುರುಮನೆಯ ಬೆಲ್ ಒತ್ತಿದರು.

ಷಡಕ್ಷರಿ ಬಾಗಿಲು ತೆಗೆದರು. ಅವರ ಬೆನ್ನ ಹಿಂದೆ ಹಜಾರವೆಲ್ಲ ಬೆಳಗುತ್ತಿತ್ತು.

“ನಮ್ಮ ಬಿಸಿಲು ನಿಮ್ಮನೆಗೆ ಬಂದಿದೆ. ಅದಕ್ಕೇ ನಾವೂ ಬಂದ್ವಿ. ವಾರ ಪೂರ್ತಿ ಬರ್ತೀವಿ.”

ಷಡಕ್ಷರಿ ನನ್ನ ಮುಖ ನೋಡಿದರು.

“ಮನೆಗೆ ಯಾರೂ ಬರಬಾರದು ಅಂತ ಬೈಲಾದಲ್ಲಿಲ್ಲ ಸಾರ್,” ಎಂದೆ.

“ಸ್ವಲ್ಪ ಜರಗಿ ಸ್ವಾಮಿ,” ಎಂದರು ಪುಟ್ಟತಾಯಮ್ಮ. “ಕೂಸಿನ ಮೇಲೆ ನಿಮ್ಮ ನೆರಳು ಬೀಳ್ತಾ ಇದೆ.”