ಭಾಲ್ಕಿಯ ಕೈಮರ

ಹಳಿಯಡಿಯ ದಿಮ್ಮಿಗೆ ಬಳಿದ ಡಾಂಬರಿನ ವಾಸನೆ ಬಂದರೆ ನಾನು ಈಗಲೂ ಭಾಲ್ಕಿ ಸ್ಟೇಷನ್ನಿನಲ್ಲಿ ನಿಂತಿರುತ್ತೇನೆ.

ನಿಜಾಮನ ಆಳ್ವಿಕೆ ಮುಗಿಸಿದ ೧೯೪೮ರ ಪೊಲೀಸ್ ಕಾರ್ಯಾಚರಣೆಯ ಮರುವಾರ, ಶುಕ್ರವಾರ ಮಧ್ಯಾಹ್ನ. ರೈಲಿನಲ್ಲಿ ಹೈದರಾಬಾದಿಗೆ ಹೊರಟಿದ್ದ ಪಕ್ಕದ ಮನೆಯಾಕೆ, ನಾನು ಚಿಕ್ಕಮ್ಮನೆಂದೇ ಬಗೆದಿದ್ದ ಖಾಲಾ, ಮಗಳೊಂದಿಗೆ ಸ್ಟೇಷನ್ನಿನ ಗೋದಾಮಿನಲ್ಲಿ ಅಡಗಿದ್ದಳು. ಬಡಿಗೆ ಹಿಡಿದವರು ಮುಸ್ಲಿಮರನ್ನು ಹುಡುಕುತ್ತ ಬಂದರು.

"ಎಲ್ಲಿ ಮುಚ್ಚಿಟ್ಟೀಯೋ ನಿನ್ನ ಬೀಗತೀನ?" ಅವರಲ್ಲೊಬ್ಬ, ಸ್ಟೇಷನ್ನಿನ ಸಿಗ್ನಲ್ ನೋಡಿಕೊಳ್ಳುತ್ತಿದ್ದ ಅಪ್ಪನನ್ನು ಹಂಗಿಸಿದ.

"ಫೌಜಿನ ಗಾಡಿ ಬರ್ಲಿಕ್ಕತ್ತದ, ಹಾದಿ ಬಿಡ್ರಿ," ಎಂದು ಅಪ್ಪ ಸಿಗ್ನಲ್ಲಿನ ಹಿಡಿಕೆ ಎಳೆದ. ಯಾವ ಗಾಡಿಯೂ ಇರಲಿಲ್ಲ. ಆದರೆ ಸಿಗ್ನಲ್ ಕಂಬದ ಕೈಮರ ಕೆಳಗೆ ಬಿದ್ದರೆ ರೈಲು ಬಂತೆಂದೇ ಊರೆಲ್ಲ ನಂಬುತ್ತಿತ್ತು. ಅವರು ಜೋಳದ ಹೊಲದತ್ತ ಓಡಿದರು.

ಗೋದಾಮಿನ ಕಿಂಡಿಯಿಂದ ಖಾಲಾ ಕೂಡ ಕೈಮರ ನೋಡಿದ್ದಳು. ತಮ್ಮ ರೈಲೇ ಬಂತೆಂದು ಗಂಟು ಹೊತ್ತು, ಮಗಳ ಕೈಹಿಡಿದು ಹೊರಗೆ ಬಂದಳು.

"ಒಳಗ ಹೋಗ್ರಿ ಆಪಾ!" ಅಪ್ಪ ಚೀರಿದ.

ಹೊಲದಂಚಿನಲ್ಲಿ ಬಡಿಗೆಯವರು ತಿರುಗಿ ನೋಡಿದರು.

ಹೈದರಾಬಾದಿನ ರೈಲು ಸಂಜೆ ಬಂತು. ಭಾಲ್ಕಿಯಲ್ಲಿ ಯಾರೂ ಹತ್ತಲಿಲ್ಲ.